ಸಕ್ಕರೆ ಕಾಯಿಲೆ ಇರುವವರ ಪಾದವನ್ನು ಮನೆಯಲ್ಲೇ ನೋಡೋದು ಹೇಗೆ

"ನೋವೇ ಇಲ್ರಿ ಸಿಸ್ಟರ್, ಅದಕ್ಕೇ ಬಿಟ್ಟಿದ್ವಿ." ಕಲಬುರಗಿಯಲ್ಲಿ ನಾನು ಕೆಲಸ ಮಾಡುವ ಡ್ರೆಸ್ಸಿಂಗ್ ಕೋಣೆಯಲ್ಲಿ ಈ ಮಾತು ಕೇಳದ ದಿನವಿಲ್ಲ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅಂಗಾಲಿನಲ್ಲಿ ಕಿರುಬೆರಳು ಹೋಗುವಷ್ಟು ಆಳದ ಗಾಯ ಇರುತ್ತದೆ, ಆದರೂ ಬಸ್ ಸ್ಟ್ಯಾಂಡಿನಿಂದ ನಡೆದುಕೊಂಡೇ ಬಂದಿರುತ್ತಾರೆ. ಸಕ್ಕರೆ ಕಾಯಿಲೆಯವರ ಕಾಲಲ್ಲಿ ಗಾಯ ಇದ್ದೂ ನೋವಿಲ್ಲ ಅಂದರೆ, ನೋವಿನ ಸುದ್ದಿ ಒಯ್ಯುವ ನರವೇ ಕೆಟ್ಟಿದೆ ಅಂತ ಅರ್ಥ. ಇದೊಂದು ಮಾತು ಮನೆಮನೆಗೆ ಮುಟ್ಟಿದರೆ ಎಷ್ಟೋ ಬೆರಳು, ಎಷ್ಟೋ ಕಾಲು ಉಳಿಯುತ್ತವೆ.

ಇದನ್ನು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಓದಲಿ ಅಂತ ನನ್ನ ಆಸೆ. ವಯಸ್ಸಾದವರಿಗೆ ಬಗ್ಗಿ ತಮ್ಮ ಅಂಗಾಲು ತಾವೇ ನೋಡಿಕೊಳ್ಳಲು ಆಗುವುದಿಲ್ಲ. ಸಕ್ಕರೆ ಎಷ್ಟೋ ಜನರ ಕಣ್ಣನ್ನೂ ಮಂಜು ಮಾಡಿರುತ್ತದೆ. ಇನ್ನೊಬ್ಬರ ಕಣ್ಣು, ಇನ್ನೊಬ್ಬರ ಕೈ ಬೇಕೇ ಬೇಕು.

ಮೊದಲು ಬೆರಳೇ ಯಾಕೆ?

ಕಾಲ್ಬೆರಳ ತುದಿಯಿಂದ ಸ್ಪರ್ಶದ ಸುದ್ದಿ ತರುವ ನರಕೋಶ ಇರುವುದು ಸೊಂಟದ ಹತ್ತಿರ, ಬೆನ್ನುಮೂಳೆಯ ಒಳಗೆ. ಅಲ್ಲಿಂದ ಒಂದೇ ಎಳೆ ತೊಡೆ, ಮೀನಖಂಡ ದಾಟಿ ಹೆಬ್ಬೆರಳಿನವರೆಗೆ ಇಳಿಯುತ್ತದೆ. ಸುಮಾರು ಒಂದು ಮೀಟರ್ ಉದ್ದ. ಆ ಎಳೆ ಬದುಕಲು ಬೇಕಾದ್ದರಲ್ಲಿ ಬಹುಪಾಲು ಮೇಲಿನ ಕೋಶದಿಂದಲೇ ಇಳಿದು ಬರಬೇಕು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಎಳೆ ಸೊರಗುತ್ತದೆ. ನರಕ್ಕೆ ರಕ್ತ ಕೊಡುವ ತೀರಾ ಸಣ್ಣ ನಾಳಗಳೂ ಹಾಳಾಗುತ್ತವೆ. ಎಲ್ಲಕ್ಕಿಂತ ಉದ್ದದ ಎಳೆ ಎಲ್ಲಕ್ಕಿಂತ ಮೊದಲು ಸೋಲುತ್ತದೆ. ಹಾಗಾಗಿ ಎರಡೂ ಕಾಲಿನ ಬೆರಳಲ್ಲಿ ಶುರುವಾಗಿ ಸಾಕ್ಸ್ ಏರಿಸಿದ ಹಾಗೆ ಮೇಲಕ್ಕೆ ಬರುತ್ತದೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಗೂ ಜೋಮು ಹಿಡಿಯುತ್ತದೆ. ಒಂದೇ ಕಾಲಿಗೆ ಜೋಮು ಇದ್ದರೆ ಬೇರೆ ಕಾರಣ ಇರಬಹುದು, ಸೊಂಟದಲ್ಲಿ ನರ ಒತ್ತಿದ್ದರೂ ಹಾಗಾಗುತ್ತದೆ. ಅದನ್ನು ಡಾಕ್ಟರ್ ನೋಡಬೇಕು.

ಶುರುವಿನಲ್ಲಿ ಜನ ಹೇಳುವುದು ಹೀಗೆ: "ಕಾಲು ಜುಮುಜುಮು ಅನ್ಲತ್ತದ." "ಇರುವಿ ಹರಿದಂಗ ಆಗ್ತದ." "ರಾತ್ರಿ ಅಂಗಾಲು ಉರೀತದ." ಕೆಲವರಿಗೆ ಹೊದಿಕೆ ತಾಗಿದರೂ ತಡೆಯಲಾಗುವುದಿಲ್ಲ. ಆಮೇಲೆ ಉರಿ ಕಡಿಮೆಯಾಗುತ್ತದೆ, ಮನೆಯವರಿಗೆ ಸಮಾಧಾನ. ಔಷಧಿಯಿಂದ, ಸಕ್ಕರೆ ಹತೋಟಿಗೆ ಬಂದು ಕಡಿಮೆಯಾಗಿದ್ದರೆ ಒಳ್ಳೆಯದೇ. ಏನೂ ಮಾಡದೆ ತಾನಾಗಿಯೇ ನಿಂತಿದ್ದರೆ, ಉರಿಯ ಜೊತೆಗೆ ಸ್ಪರ್ಶವೂ ಹೋಗಿದೆಯಾ ಅಂತ ನೋಡಲೇಬೇಕು. ಇನ್ನು ಕೆಲವರಿಗೆ ಉರಿ, ಜೋಮು ಯಾವುದೂ ಇಲ್ಲದೆ ಸುಮ್ನೆ ಸ್ಪರ್ಶ ಹೊರಟು ಹೋಗಿರುತ್ತದೆ. ಅವರ ಬಗ್ಗೆಯೇ ನನಗೆ ಜಾಸ್ತಿ ಚಿಂತೆ.

ಬೆರಳು ಮುಟ್ಟಿ ನೋಡುವ ಪರೀಕ್ಷೆ

ಆಸ್ಪತ್ರೆಯಲ್ಲಿ ಡಾಕ್ಟರ್ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ನೋಡುತ್ತಾರೆ. 10 ಗ್ರಾಂ ಭಾರದಷ್ಟು ಒತ್ತಿದಾಗ ಅದು ಬಾಗುತ್ತದೆ. ಅಷ್ಟು ಒತ್ತಿದರೂ ಗೊತ್ತಾಗದ ಪಾದಕ್ಕೆ ಗಾಯದ ಅಪಾಯ ಇದೆ ಅಂತ ಲೆಕ್ಕ. ಮನೆಯಲ್ಲಿ ಆ ಎಳೆ ಇರಲ್ಲ, ಚಿಂತೆಯಿಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯವರು ಬರೀ ಬೆರಳಿನಿಂದ ಮಾಡುವ ಒಂದು ಪರೀಕ್ಷೆ ಕಂಡುಕೊಂಡಿದ್ದಾರೆ. ಆ ಊರಿನ ಹೆಸರಿನಲ್ಲೇ ಇಪ್ಸ್‌ವಿಚ್ ಟಚ್ ಟೆಸ್ಟ್ ಅನ್ನುತ್ತಾರೆ. ಖರ್ಚಿಲ್ಲ. ಹತ್ತನೇ ಕ್ಲಾಸಿನ ಹುಡುಗಿ ಕೂಡ ತನ್ನ ಮುತ್ಯಾನಿಗೆ ಮಾಡಬಹುದು.

ಮುತ್ಯಾನನ್ನು ಹೊರಸಿನ ಮೇಲೆ ಆರಾಮಾಗಿ ಮಲಗಿಸಿ. ಚಪ್ಪಲಿ, ಸಾಕ್ಸ್ ಬಿಚ್ಚಿಸಿ. ಒಂದೊಂದು ಕಾಲನ್ನೂ ಗಟ್ಟಿಯಾಗಿ ಮುಟ್ಟಿ, "ಇದು ಬಲ, ಇದು ಎಡ" ಅಂತ ಹೇಳಿ. ಆಮೇಲೆ ಕಣ್ಣು ಮುಚ್ಚಲು ಹೇಳಿ. "ನಾ ಮುಟ್ಟಿದ್ದು ಗೊತ್ತಾದ ಕೂಡ್ಲೇ ಬಲ, ಎಡ ಅಂತ ಹೇಳು ಮುತ್ಯಾ" ಅನ್ನಿ. ಎಡ-ಬಲ ಗೊಂದಲ ಆದರೆ ಆ ಕಡೆಯ ಕೈ ಎತ್ತಲಿ, ಸಾಕು.

ಈಗ ನಿಮ್ಮ ತೋರುಬೆರಳ ತುದಿಯಿಂದ ಬಲಗಾಲಿನ ಹೆಬ್ಬೆರಳಿನ ತುದಿಯನ್ನು ಹಗುರಾಗಿ ಮುಟ್ಟಿ, ಒಂದೆರಡು ಸೆಕೆಂಡು ಇಟ್ಟು ತೆಗೆಯಿರಿ. ನಂತರ ಬಲಗಾಲಿನ ಕಿರುಬೆರಳು. ಆಮೇಲೆ ಎಡಗಾಲಿನ ಹೆಬ್ಬೆರಳು, ಕಿರುಬೆರಳು. ಕೊನೆಗೆ ಬಲದ ನಡುಬೆರಳು, ಎಡದ ನಡುಬೆರಳು. ಒಟ್ಟು ಆರು. ಒತ್ತಬಾರದು, ತಟ್ಟಬಾರದು, ಉಜ್ಜಬಾರದು, ಕಚಗುಳಿ ಇಡಬಾರದು. ಒತ್ತಿದರೆ ಕೀಲಿನ ಒಳಗಿನ ಬೇರೆ ನರಗಳು ಸುದ್ದಿ ಕೊಟ್ಟುಬಿಡುತ್ತವೆ. ಒಮ್ಮೆ ಮುಟ್ಟಿದ ಬೆರಳನ್ನು ಮತ್ತೆ ಮುಟ್ಟಿ ನೋಡಬೇಡಿ, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಬರೆದುಕೊಳ್ಳಿ. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳು ಗೊತ್ತಾಗಲಿಲ್ಲವೆಂದರೆ ಸ್ಪರ್ಶ ಕಡಿಮೆಯಾಗಿದೆ. ಡಾಕ್ಟರಿಗೆ ತೋರಿಸಿ.

ಇಲ್ಲಿ ಜನ ಎಡವುವ ಜಾಗ ಒಂದಿದೆ. ಮುಟ್ಟಿ, "ಗೊತ್ತಾಯ್ತಾ?" ಅಂತ ಕೇಳುತ್ತಾರೆ. ಕೇಳಿದ ಮೇಲೆ ಮುತ್ಯಾ "ಹ್ಞೂ" ಅನ್ನದೆ ಇರುತ್ತಾನಾ? ಮೊಮ್ಮಗಳ ಮನಸ್ಸು ನೋಯಬಾರದು ಅಂತಾದರೂ ಹ್ಞೂ ಅಂದುಬಿಡುತ್ತಾನೆ. ಆದ್ದರಿಂದ ನೀವು ತುಟಿ ಬಿಚ್ಚಬಾರದು. ಮುಟ್ಟುವ ಮಧ್ಯೆ ಒಂದೇ ಲಯ ಇರಬಾರದು. ಒಮ್ಮೆ ಬೇಗ ಮುಟ್ಟಿ, ಒಮ್ಮೆ ಕಾಯಿರಿ. ಮುಟ್ಟದೇ ಇದ್ದಾಗಲೂ "ಬಲ" ಅಂದರೆ ಅವರು ಊಹಿಸುತ್ತಿದ್ದಾರೆ ಅಂತ ತಿಳಿಯಿರಿ, ಇನ್ನೊಂದು ದಿನ ಮಾಡಿ.

ಇದರಲ್ಲಿ ಪಾಸಾದರೆ ಎಲ್ಲ ಸರಿ ಅಂತಲೂ ಬಿಡಬೇಡಿ. ಹಗುರ ಸ್ಪರ್ಶದ ಸುದ್ದಿ ಒಯ್ಯುವುದು ದಪ್ಪ ಎಳೆಗಳು. ಬಿಸಿ, ತಂಪು, ಚುಚ್ಚುವ ನೋವು ಇವು ಬರುವುದು ಬೇರೆ ಸಣ್ಣ ಎಳೆಗಳಲ್ಲಿ. ದಪ್ಪ ಎಳೆಯಲ್ಲಿ ಸುದ್ದಿ ಸೆಕೆಂಡಿಗೆ 35 ಮೀಟರಿಗಿಂತ ಹೆಚ್ಚು ವೇಗದಲ್ಲಿ ಹೋಗುತ್ತದೆ, ತೀರಾ ಸಣ್ಣದರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 2 ಮೀಟರ್. ಕಾಲ್ಬೆರಳು ಹೊಸ್ತಿಲಿಗೆ ಬಡಿದಾಗ ಬಡಿದದ್ದು ತಕ್ಷಣ ಗೊತ್ತಾಗಿ, ಉರಿಯುವ ನೋವು ಒಂದು ಕ್ಷಣ ಬಿಟ್ಟು ಬರುತ್ತದಲ್ಲ, ಅದು ಇದಕ್ಕೇ. ಒಂದು ಜಾತಿಯ ಎಳೆ ಚೆನ್ನಾಗಿದ್ದು ಇನ್ನೊಂದು ಕೆಟ್ಟಿರಬಹುದು. ಸ್ಟೀಲ್ ಲೋಟಕ್ಕೆ ಬಿಂದಿಗೆಯ ತಣ್ಣೀರು ತುಂಬಿ ಪಾದದ ಮೇಲೆ ಇಟ್ಟು ನೋಡಿ, ಹಾಗೇ ಮೊಣಕಾಲಿನ ಮೇಲೆ ಇಟ್ಟು ನೋಡಿ. ಮೊಣಕಾಲಿಗೆ ತಂಪು ಅನಿಸಿ ಪಾದಕ್ಕೆ ಅನಿಸದಿದ್ದರೆ ಸಣ್ಣ ಎಳೆಗಳು ಸೋತಿರಬಹುದು. ಬಿಸಿ ಲೋಟದಿಂದ ಈ ಪರೀಕ್ಷೆ ಮಾಡಲೇಬೇಡಿ.

ನಡಿಗೆಯಲ್ಲಿ ಕಾಣುವುದು

ಕಣ್ಣು ಮುಚ್ಚಿಕೊಂಡಿದ್ದರೂ ನಮ್ಮ ಕಾಲು ಎಲ್ಲಿದೆ ಅಂತ ನಮಗೆ ಗೊತ್ತಿರುತ್ತದೆ ಅಲ್ವಾ? ಸ್ನಾಯು, ಕೀಲುಗಳಿಂದ ಹೊರಟ ನರಗಳು ಆ ಸುದ್ದಿಯನ್ನು ಎಡೆಬಿಡದೆ ಕಳಿಸುತ್ತಿರುತ್ತವೆ. ಅವೂ ಕೆಟ್ಟರೆ ಮನುಷ್ಯ ಕಣ್ಣಿನ ಮೇಲೆ ನಡೆಯಲು ಶುರು ಮಾಡುತ್ತಾನೆ. ಬೆಳಕಿದ್ದರೆ ಸರಿ, ಕರೆಂಟ್ ಹೋದರೆ ತೂರಾಟ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಗೋಡೆ ಹಿಡಿಯುತ್ತಾರೆ. ಇದನ್ನೇ ಪರೀಕ್ಷೆ ಮಾಡುವುದಾದರೆ, ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿ. ನೀವು ಎರಡೂ ಕೈ ಚಾಚಿ ಪಕ್ಕದಲ್ಲೇ ನಿಂತಿರಬೇಕು. ಒಬ್ಬರೇ ಮನೆಯಲ್ಲಿದ್ದಾಗ ಇದನ್ನು ಮಾಡಿಸಬೇಡಿ.

ಹೆಬ್ಬೆರಳನ್ನು ಮೇಲೆ-ಕೆಳಗೆ ಆಡಿಸಿ, ಯಾವ ಕಡೆ ಹೋಯಿತು ಅಂತಲೂ ಕೇಳಬಹುದು. ಆಗ ಬೆರಳನ್ನು ಎಡಬಲ ಪಕ್ಕಗಳಿಂದ ಹಿಡಿಯಿರಿ. ಮೇಲೆ-ಕೆಳಗೆ ಹಿಡಿದರೆ ನಿಮ್ಮ ಒತ್ತಡವೇ ಉತ್ತರ ಹೇಳಿಬಿಡುತ್ತದೆ.

ಇವೆಲ್ಲಕ್ಕಿಂತ ಸುಲಭದ ಪ್ರಶ್ನೆ ಒಂದಿದೆ, ಅದನ್ನು ಮನೆಯ ಬೇರೆಯವರಿಗೆ ಕೇಳಿ: "ನಡೆಯುವಾಗ ಚಪ್ಪಲಿ ಕಳಚಿ ಬಿದ್ದದ್ದು ಇವರಿಗೆ ಗೊತ್ತಾಗುತ್ತದಾ?" ಹೆಂಡತಿ ಥಟ್ಟನೆ ಹೇಳುತ್ತಾಳೆ: "ಇಲ್ರಿ ಯವ್ವಾ, ಒಂದು ಚಪ್ಪಲ್ ಅಂಗಳದಾಗ, ಒಂದು ಕಾಲಾಗ!"

ಸ್ನಾಯುಗಳನ್ನು ಆಡಿಸುವ ನರಗಳೂ ಇದರ ಜೊತೆಗೇ ಸೊರಗುತ್ತವೆ. ಪಾದದೊಳಗಿನ ಪುಟ್ಟ ಸ್ನಾಯುಗಳು ಕರಗಿ ಬೆರಳುಗಳು ಕೊಕ್ಕೆಯಂತೆ ಮಡಚುತ್ತವೆ. ಆಗ ಬೆರಳ ಬುಡದ ಎಲುಬುಗಳ ಮೇಲೆ ಭಾರವೆಲ್ಲ ಬೀಳುತ್ತದೆ. ಅಲ್ಲಿ ಚರ್ಮ ದಡ್ಡುಗಟ್ಟಿ, ಆಣಿಯಾಗಿ, ಅದರ ಕೆಳಗೇ ಗಾಯ ಹುಟ್ಟುತ್ತದೆ. ಹೊರಗೆ ಆಣಿ ಮಾತ್ರ ಕಾಣುತ್ತದೆ, ಕೆರೆದು ತೆಗೆದರೆ ಒಳಗೆ ಕೀವು. ದಡ್ಡಿನ ನಡುವೆ ಕಪ್ಪಗೆ ಅಥವಾ ಕಂದು ಬಣ್ಣದ ಚುಕ್ಕೆ ಕಂಡರೆ ಒಳಗೆ ರಕ್ತ ಇಳಿದಿದೆ ಅಂತ. ಬ್ಲೇಡ್ ಮುಟ್ಟಿಸಬೇಡಿ. ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯಲ್ಲಿ ಆಸಿಡ್ ಇರುತ್ತದೆ, ಅದನ್ನೂ ಹಚ್ಚಬೇಡಿ. ಬೆರಳಿನ ಬಲ ನೋಡಲು ಹೆಬ್ಬೆರಳ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು "ಒತ್ತಿ ಹಿಡಿ" ಅನ್ನಿ, ಮೆಲ್ಲಗೆ ಎಳೆಯಿರಿ. ಹಿಡಿತವೇ ಇಲ್ಲದೆ ಜಾರಿ ಬಂದರೆ ಸ್ನಾಯು ಸೋತಿದೆ.

ಇನ್ನೊಂದು ಜಾತಿಯ ನರಗಳಿವೆ, ನಾವು ಹೇಳದೆಯೇ ಬೆವರು, ರಕ್ತನಾಳ ನೋಡಿಕೊಳ್ಳುವಂಥವು. ಅವು ಕೆಟ್ಟರೆ ಪಾದ ಬೆವರುವುದಿಲ್ಲ. ಏಪ್ರಿಲ್-ಮೇ ಬಿಸಿಲಿನಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ದಾಟಿ ಮೈಯೆಲ್ಲ ತೊಯ್ದಿರುವಾಗಲೂ ಪಾದ ಒಣಕಲು. ಹಿಮ್ಮಡಿ ಬಿರಿಯುತ್ತದೆ, ಬಿರುಕಿನಿಂದ ಸೋಂಕು ಒಳಗೆ ಹೋಗುತ್ತದೆ. ಇಂಥ ಪಾದ ಮುಟ್ಟಿದರೆ ಬೆಚ್ಚಗೇ ಇರಬಹುದು. "ಕಾಲು ಬೆಚ್ಚಗದ, ರಕ್ತ ಚಲೋ ಹರೀತದ" ಅಂತ ಮೋಸ ಹೋಗಬೇಡಿ.

ನೋವು ಮಾಡುವ ಕೆಲಸ

ಜಾಲಿ ಮುಳ್ಳು ತುಳಿದಾಗ ಏನಾಗುತ್ತದೆ ನೋಡಿ. ಮುಳ್ಳಿನ ಸುದ್ದಿ ಬೆನ್ನುಹುರಿ ಮುಟ್ಟಿದ ಕೂಡಲೇ ಅಲ್ಲಿಂದಲೇ ಅಪ್ಪಣೆ ಹೊರಟು ಕಾಲು ಮೇಲೇಳುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕಾಲು ಬಿಗಿಯಾಗಿ ಮೈಭಾರ ಹೊರುತ್ತದೆ. ಮಿದುಳಿಗೆ "ಅಯ್ಯಪ್ಪಾ" ಅನ್ನುವಷ್ಟು ನೋವು ತಿಳಿಯುವುದು ಆಮೇಲೆ. ಇಷ್ಟಕ್ಕೇ ಮುಗಿಯುವುದಿಲ್ಲ. ಮುಂದಿನ ನಾಲ್ಕು ದಿನ ಯಾರೂ ಹೇಳಿಕೊಡದೆ ನಾವು ಕುಂಟುತ್ತೇವೆ. ನೋಯುವ ಜಾಗ ನೆಲಕ್ಕೆ ತಾಗದ ಹಾಗೆ ಹೆಜ್ಜೆ ಬದಲಿಸುತ್ತೇವೆ. ಕಚ್ಚುವ ಚಪ್ಪಲಿ ಬಿಚ್ಚಿ ಎಸೆಯುತ್ತೇವೆ. ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ. ಹೀಗೆ ಗಾಯಕ್ಕೆ ಸಿಕ್ಕುವ ವಿಶ್ರಾಂತಿಯೆಲ್ಲ ನೋವು ಕೊಡಿಸಿದ್ದು. ನರ ಸತ್ತ ಪಾದಕ್ಕೆ ಇದ್ಯಾವುದೂ ಇಲ್ಲ. ಅದೇ ಗಾಯದ ಮೇಲೆ, ಅದೇ ಭಾರ ಹಾಕಿ, ಅದೇ ನಡಿಗೆ. ನಾನು ಎಷ್ಟು ಚೆಂದ ಡ್ರೆಸ್ಸಿಂಗ್ ಮಾಡಿದರೂ ಅವರು ಅದರ ಮೇಲೆ ನಡೆದರೆ ಗಾಯ ಮಾಯುವುದಿಲ್ಲ. ಭಾರ ಇಳಿಸುವುದೇ ಅರ್ಧ ಚಿಕಿತ್ಸೆ.

ಇದನ್ನು ಜಗತ್ತಿಗೆ ಗಟ್ಟಿಯಾಗಿ ತೋರಿಸಿಕೊಟ್ಟವರು ಡಾಕ್ಟರ್ ಪಾಲ್ ಬ್ರಾಂಡ್. ಅವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲು ಸರಿಮಾಡುವ ಕೆಲಸಕ್ಕೆ ಕೂತರು. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಉದುರುತ್ತದೆ ಅಂತ ಆಗ ಜನ ನಂಬಿದ್ದರು. ಸ್ಪರ್ಶ ಹೋಗಿರುವುದರಿಂದ ಸುಟ್ಟುಕೊಂಡು, ಕೊಯ್ದುಕೊಂಡು, ಗೊತ್ತಾಗದೆ ಬೆರಳು ಕಳೆದುಕೊಳ್ಳುತ್ತಾರೆ ಅಂತ ಬ್ರಾಂಡ್ ಕಂಡುಕೊಂಡರು. ರಾತ್ರಿ ಮಲಗಿದ್ದಾಗ ಇಲಿ ಕಡಿದರೂ ಅವರಿಗೆ ಎಚ್ಚರ ಆಗುತ್ತಿರಲಿಲ್ಲ. ಮುಂದೆ ಅಮೆರಿಕದಲ್ಲಿ ಅದೇ ತಿಳಿವಳಿಕೆಯನ್ನು ಸಕ್ಕರೆ ಕಾಯಿಲೆಯವರ ಪಾದಕ್ಕೂ ತಂದರು. ಇಲಿಯ ಮಾತು ಹಳೇ ಕಾಲದ್ದು ಅಂದುಕೊಳ್ಳಬೇಡಿ. ನೆಲದ ಮೇಲೆ ಮಲಗುವ ಮನೆಗಳಲ್ಲಿ ಈಗಲೂ ಆಗುತ್ತದೆ. ಬೆಳಿಗ್ಗೆ ಚಾದರದ ಮೇಲೆ ರಕ್ತ ನೋಡಿಯೇ ತಿಳಿಯುವುದು. ಹೊರಸಿನ ಮೇಲೆ ಮಲಗಿಸಿ, ಕಾಲಿಗೆ ಸಡಿಲ ಸಾಕ್ಸ್ ಹಾಕಿ, ಸೊಳ್ಳೆ ಪರದೆ ಕಟ್ಟಿ.

ದಿನಾ ಮಾಡುವುದು

ರಾತ್ರಿ ಊಟ ಆದ ಮೇಲೆ ಒಂದು ಹೊತ್ತು ಇಟ್ಟುಕೊಳ್ಳಿ. ಮೊಬೈಲ್ ಟಾರ್ಚ್ ಹಾಕಿ ಅಂಗಾಲು, ಹಿಮ್ಮಡಿ, ಉಗುರಿನ ಅಂಚು ನೋಡಿ. ಬೆರಳ ಸಂದಿಯನ್ನು ಒಂದೊಂದಾಗಿ ಬಿಡಿಸಿ ನೋಡಿ, ಅಲ್ಲಿ ಚರ್ಮ ಬೆಳ್ಳಗೆ ನೆನೆದಿರುತ್ತದೆ. ಆಯಿ ಕಾಲುಂಗುರ ಹಾಕಿದ್ದರೆ ಅದನ್ನು ಸರಿಸಿ ಕೆಳಗೆ ನೋಡಿ. ಬಾವು ಬಂದು ಉಂಗುರ ಚರ್ಮದಲ್ಲಿ ಹೂತುಹೋದದ್ದನ್ನು ನಾವು ಎಷ್ಟೋ ಸಲ ಕತ್ತರಿಸಿ ತೆಗೆದಿದ್ದೇವೆ. ಬಿಗಿಯಾಗಿದ್ದರೆ ಈಗಲೇ ತೆಗೆಸಿ, ದೊಡ್ಡದು ಮಾಡಿಸಿ. ಆಮೇಲೆ ನಿಮ್ಮ ಅಂಗೈ ತಿರುಗಿಸಿ, ಹಿಂಬದಿಯಿಂದ ಎರಡೂ ಪಾದ ಮುಟ್ಟಿ. ಒಂದು ಪಾದ ಇನ್ನೊಂದಕ್ಕಿಂತ ಬಿಸಿ ಇದ್ದರೆ ಮನಸ್ಸಿನಲ್ಲಿಟ್ಟುಕೊಳ್ಳಿ.

ಸ್ನಾನದ ನೀರನ್ನು ಅವರ ಕಾಲಿನಿಂದ ನೋಡಬಾರದು, ನಿಮ್ಮ ಮೊಣಕೈಯಿಂದ ನೋಡಿ. ಬಿಸಿನೀರಿನಲ್ಲಿ ಪಾದ ನೆನೆಸಿಡುವುದು ಬೇಡ. ತೊಳೆದ ಮೇಲೆ ಸಂದಿ ಒರೆಸಿ ಒಣಗಿಸಿ. ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಿಮ್ಮಡಿಗೆ, ಪಾದದ ಮೇಲೆ ಹಚ್ಚಿ, ಸಂದಿಗೆ ಹಚ್ಚಬೇಡಿ. ಉಗುರನ್ನು ನೇರ ಕತ್ತರಿಸಿ, ಮೂಲೆ ಕೊರೆಯಬೇಡಿ. ಗಾಯಕ್ಕೆ ಸುಣ್ಣ-ಅರಿಶಿನ ಮೆತ್ತಬೇಡಿ.

ಚಪ್ಪಲಿ ಮನೆಯೊಳಗೂ ಇರಲಿ. ಒಳಗೆ ಹಾಕಲು ಬೇರೆ ಜೋಡಿ ತನ್ನಿ, ಆಗ ಹಿರಿಯರ ತಕರಾರು ಕಡಿಮೆ. ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ ಸಿಗುತ್ತದೆ, ಹಿಂದೆ ಪಟ್ಟಿ ಇರುವುದನ್ನೇ ಕೊಳ್ಳಿ. ಹೆಬ್ಬೆರಳ ಸಂದಿಯಲ್ಲಿ ಗುಂಡಿ ಬರುವ ಹವಾಯಿ ಬೇಡ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಹಾಕುವ ಮುಂಚೆ ದಿನಾ ಒಳಗೆ ಕೈ ಹಾಕಿ ತಡವಿ. ಕಲ್ಲು, ಮೊಳೆ ಏನಿದ್ದರೂ ಕಾಲು ಹೇಳುವುದಿಲ್ಲ.

ನಮ್ಮ ಕಡೆಯ ಕೆಲವು ಅಪಾಯ ನಮಗೇ ಗೊತ್ತು. ತೊಗರಿ ಕೊಯ್ದ ಮೇಲೆ ಹೊಲದಲ್ಲಿ ಓರೆಯಾಗಿ ಕೊಯ್ದ ಮೊನಚು ಬುಡ ಉಳಿಯುತ್ತದೆ, ಚಪ್ಪಲಿಯ ಅಟ್ಟೆಯನ್ನೇ ತೂರಿ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಬಜ್ಜಿ-ರೊಟ್ಟಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ದಿನ ಹಿರಿಯರಿಗೆ ಬೂಟು ಹಾಕಿಸಿ. ಬೇಸಿಗೆಯಲ್ಲಿ ಶಹಾಬಾದ್ ಕಲ್ಲಿನ ಅಂಗಳ ಬರಿಗಾಲನ್ನು ಬೊಕ್ಕೆ ಏಳಿಸುತ್ತದೆ, ಗುಡಿ-ದರ್ಗಾದ ಅಂಗಳವೂ ಹಾಗೇ. ಬೆಳಗಿನ ಜಾವ ಹೋಗಿ, ದಪ್ಪ ಸಾಕ್ಸ್ ಹಾಕಿಸಿ. ತುಳಜಾಪುರಕ್ಕೆ ಬರಿಗಾಲಲ್ಲಿ ನಡೆದು ಹೋಗುವ ಹರಕೆ ಇದ್ದರೆ ನನ್ನ ಕಳಕಳಿಯ ಮಾತು: ಸಕ್ಕರೆ ಇಲ್ಲದ ಮಗ ನಡೆಯಲಿ, ಅಪ್ಪ ಬಸ್ಸಿನಲ್ಲಿ ಬರಲಿ. ಬೈಕಿನ ಹಿಂದೆ ಕೂತಾಗ ಸೈಲೆನ್ಸರಿಗೆ ಕಾಲು ತಾಗುವುದು, ಚಳಿಗೆ ಒಲೆ ಮುಂದೆ ಕಾಲು ಚಾಚುವುದು, ಬಸ್ಸಿನಲ್ಲಿ ಎಂಜಿನ್ ಪಕ್ಕ ಕೂರುವುದು, ಇವುಗಳ ಸುಟ್ಟ ಗಾಯವೂ ನಮ್ಮಲ್ಲಿಗೆ ಬರುತ್ತದೆ.

ಯಾವಾಗ ಕಾಯಬಾರದು

ಬೊಕ್ಕೆ, ಬಿರುಕಿನಿಂದ ನೀರು, ಕೀವು, ವಾಸನೆ, ಕಪ್ಪಗಾದ ಬೆರಳು ಯಾವುದೇ ಕಂಡರೂ ಅದೇ ದಿನ ಹೊರಡಿ. ಮೇಲೆ ಜ್ವರ, ಚಳಿ ಇದ್ದರೆ ರಾತ್ರಿ ಆದರೂ ಹೊರಡಿ. ಇನ್ನೊಂದು ಜನ ಗುರುತಿಸದ ಕಾಯಿಲೆ ಇದೆ. ಗಾಯವೇ ಇಲ್ಲ, ಆದರೆ ಒಂದು ಪಾದ ಕೆಂಪಾಗಿ, ಊದಿ, ಬಿಸಿಯಾಗಿದೆ. ನೋವು ಕಡಿಮೆ, ನಡೆಯುತ್ತಲೇ ಇದ್ದಾರೆ. ಒಳಗೆ ಎಲುಬು ಮುರಿದು ಕೀಲು ಕುಸಿಯುತ್ತಿರಬಹುದು. ನರ ಕೆಟ್ಟವರ ಕೀಲು ಹೀಗೆ ಹಾಳಾಗುವುದನ್ನು ಫ್ರಾನ್ಸಿನ ವೈದ್ಯ ಶಾರ್ಕೋ 1868ರಲ್ಲಿ ವಿವರಿಸಿದ್ದ, ಹಾಗಾಗಿ ಶಾರ್ಕೋ ಪಾದ ಅನ್ನುತ್ತಾರೆ. ಉಳುಕಿದೆ ಅಂತ ಎಣ್ಣೆ ಹಚ್ಚಿ ತಿಕ್ಕಿಸಿದರೆ ಪಾದದ ಆಕಾರವೇ ಹೋಗುತ್ತದೆ. ಆ ಕಾಲು ನೆಲಕ್ಕೆ ಇಡದೆ ಆಸ್ಪತ್ರೆಗೆ ಕರೆತನ್ನಿ.

ಡಾಕ್ಟರ ಹತ್ತಿರ ಹೋದಾಗ ಎರಡು ವಿಷಯ ಕೇಳಿ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡವರಿಗೆ ಬಿ12 ಕಡಿಮೆಯಾಗಬಹುದು, ಅದರಿಂದಲೂ ನರ ಕೆಡುತ್ತದೆ. ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ, ರಕ್ತ ಪರೀಕ್ಷೆ ಬೇಕಾ ಅಂತ ಕೇಳಿ. ಇನ್ನು ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಅದನ್ನೂ ತೋರಿಸಿ. ಅದು ಕುಷ್ಠ ಇರಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಗುಣವಾಗುತ್ತದೆ. ವರ್ಷಕ್ಕೊಮ್ಮೆ ಪಾದದ ಪೂರ್ತಿ ಪರೀಕ್ಷೆ ಆಗಲೇಬೇಕು. ಬೆರಳು ಮುಟ್ಟಿ ನೋಡಿದ್ದನ್ನು ತಾರೀಖು ಹಾಕಿ ಬರೆದ ಚೀಟಿ, ದಿನಾ ಹಾಕುವ ಚಪ್ಪಲಿ ಎರಡನ್ನೂ ಜೊತೆಗೆ ಒಯ್ಯಿರಿ. ಓಪಿಡಿಯಲ್ಲಿ ಗದ್ದಲ ಇರುತ್ತದೆ, ಬರೀ ರಿಪೋರ್ಟ್ ನೋಡಿ ಕಳಿಸಿಬಿಡಬಹುದು. ನಿಮ್ಮ ಸರದಿ ಬಂದ ಕೂಡಲೇ ಅವರು ಹೇಳುವ ಮುಂಚೆಯೇ ಚಪ್ಪಲಿ, ಸಾಕ್ಸ್ ಬಿಚ್ಚಿಸಿ ಎರಡೂ ಪಾದ ಡಾಕ್ಟರ ಕಣ್ಣ ಮುಂದೆ ಇಡಿ.